ಐದು ಅಂಗಡಿ ಕೇಳಿದ ಮೇಲೆ

ಚಿತ್ತಾಪುರ
11 ಜೂನ್ 2024

ಲುಂಬಿನಿಗೆ ಅವ್ವನ ಜೈಭೀಮ.

ಕಾಗದ ನೋಡಿ ಗಾಬರಿ ಆಗಬ್ಯಾಡ. ನಾ ಆರಾಮ ಅದೀನಿ. ಫೋನ್ ಇದ್ದೂ ಕಾಗದ ಯಾಕ ಅಂದ್ರ, ನೀ ಫೋನ್ ಮಾಡೋ ಹೊತ್ತಿಗೆ ನನ್ನ ಎರಡೂ ಕೈ ಜ್ವಾಳದ ಹಿಟ್ಟಿನಾಗ ಇರ್ತಾವ. ಬಾಜು ಕುಂತ ಅನಸುಬಾಯಿ ಮೊಣಕೈಲೆ ಸ್ಪೀಕರ್ ಒತ್ತತಾಳ. ನಾವಿಬ್ಬರು ಮಾತಾಡೋದು ರೊಟ್ಟಿ ಬಡಿಯೋ ಹೆಂಗಸರೆಲ್ಲ ಕೇಳ್ತಾರ, ಸಂಜಿಗೆ ಚಿತ್ತಾಪುರ ಕೇಳ್ತದ. ಹೋದ ವಾರ ನೀ "ಬ್ಯಾಂಕಿಗೆ ಯಾಕ ಹೋಗಿದ್ದಿ" ಅಂತ ಒದರಿದ್ದಿ ನೋಡು, ಮರುದಿನ ಹಾಲಿನವ ನನಗ ಸಮಾಧಾನ ಹೇಳಿ ಹೋದ.

ಇನ್ನ ಮ್ಯಾಲ ರೊಕ್ಕದ ಮಾತು ಕಾಗದದಾಗ. ಚೌಡೇಶ ದಿನಾ ಮುಂಜಾನಿ ಪ್ಯಾಸೆಂಜರಿಗೆ ವಾಡಿ, ಶಹಾಬಾದಕ್ಕ ನಮ್ಮ ರೊಟ್ಟಿ ಬುಟ್ಟಿ ಒಯ್ತಾನಲ್ಲ, ತಳದಾಗ ಬಟ್ಟಿ ಕೆಳಗ ಇಟ್ಟು ಕಳಸ್ತೀನಿ. ವಾಡಿ ಸ್ಟೇಷನ್ನಿನಾಗ ನಿನ್ನ ಟಿಕೆಟ್ ಕಿಟಕಿಗೆ ಕೊಡ್ತಾನ. ನೀ ಖಾಲಿ ಬುಟ್ಟ್ಯಾಗ ಹಾಕಿ ಕಳಸು.

ಸಂಗತಿ ಹಿಂಗದ. ರೊಟ್ಟಿ ಮಷೀನಿಗೆ ಸಾಲ ಕೇಳಾಕ ಸೇಡಂ ಬ್ಯಾಂಕಿಗೆ ಹೋಗಿದ್ದೆ. ಮ್ಯಾನೇಜರು "ಕುಂದ್ರಿ ಅಮ್ಮಾ" ಅಂದ್ರು. ಆಧಾರು, ಪ್ಯಾನು ತಗೊಂಡು ಕಂಪ್ಯೂಟರಿನಾಗ ಹಾಕಿ ನೋಡಿದ್ರು.

"ನಿಮ್ಮ ಹೆಸರಿನ ಮ್ಯಾಲ ಏನೂ ಇಲ್ಲರಿ" ಅಂದ್ರು.

ನನಗ ಖುಷಿ ಆತು. "ಹೌದ್ರಿ, ಯಾರದೂ ಒಂದು ಪೈಸಾ ಇಟ್ಟುಕೊಂಡಿಲ್ಲ" ಅಂದೆ.

"ಅದೇ ಅಮ್ಮಾ ತೊಂದ್ರಿ" ಅಂದ್ರು.

ಸಾಲ ತಗೊಂಡು ಕಟ್ಟಿದವರದಷ್ಟೇ ದಾಖಲಾ ಇರ್ತದಂತ, ಅದಕ್ಕ ಸಾಲದ ಇತಿಹಾಸ ಅಂತಾರಂತ. ತಗೊಳ್ಳದೇ ಇದ್ದವರು ಖಾಲಿ ಹಾಳಿ ಅಂತ. "ಮಹಿಳಾ ಸಂಘದಾಗ ಹದಿನಾಲ್ಕು ವರ್ಷ ಸಾಲ ತಗೊಂಡು ವಾರಾವಾರ ಕಟ್ಟೀನಲ್ಲರಿ" ಅಂದೆ. ಅದು ಸಂಘದ ಹೆಸರಿಲೆ ಅದ, ನಿಮ್ಮ ಹೆಸರಿಲೆ ಇಲ್ಲ ಅಂದ್ರು. ಮೊದಲು ಒಂದು ಕ್ರೆಡಿಟ್ ಕಾರ್ಡ್ ತಗೋರಿ, ಸ್ವಲ್ಪ ಸ್ವಲ್ಪ ಬಳಸ್ರಿ, ಟೈಮಿಗೆ ಕಟ್ರಿ, ಆರೇಳು ತಿಂಗಳಿಗೆ ಸ್ಕೋರು ಅಂತ ಬರ್ತದ, ಆಮ್ಯಾಲ ಬರ್ರಿ ಅಂದ್ರು.

ರಾಜರು ಕಟ್ಟಿದ ಹಳೀ ಕೋಟಿ ಅದ ಅಂತ ಮಳಖೇಡಕ್ಕ ಇತಿಹಾಸ ಅದ. ಐವತ್ತೊಂದು ವರ್ಷದ ಸುಂದರಮ್ಮಗ ಇಲ್ಲ. ನಿನ್ನ ಹತ್ತರ ಕಾರ್ಡ್ ಅದಲ್ಲ, ನನ್ನಂಥಕಿಗೆ ಮೊದಲನೇ ಕಾರ್ಡು ಯಾವುದು ಸಿಗ್ತದ ಅಂತ ಕೇಳಿ ಬರಿ.

ನಿನ್ನ ಅವ್ವ
ಸುಂದರಮ್ಮ


ವಾಡಿ
13 ಜೂನ್ 2024

ಅವ್ವಗ ಜೈಭೀಮ.

ಕಾಗದ ತಲುಪಿತು. ಚೌಡೇಶ ಕಾಕಾ ಅದನ್ನು ಕಿಟಕಿಯಲ್ಲಿ ತೂರಿಸಿದಾಗ ಅವರ ಹಿಂದೆ ಹೊರಗಿನ ನಲ್ಲಿಯವರೆಗೂ ಸಾಲು ಇತ್ತು. "ನಿಮ್ಮವ್ವಂದು ಅದ, ರೊಕ್ಕದ ಮಾತು, ಅರ್ಜೆಂಟ್ ಓದು" ಎಂದು ಇಡೀ ಸಾಲಿಗೆ ಕೇಳುವಂತೆ ಕೂಗಿದರು. ಗುಟ್ಟು ಕಾಪಾಡಲು ನೀನು ಹುಡುಕಿದ ದಾರಿ ಇದು.

ಮಾರ್ಚ್ ತಿಂಗಳಲ್ಲಿ ಶಹಾಬಾದದ ಡಾಕ್ಟರ್ ಏನು ಹೇಳಿದರು, ನೆನಪಿದೆಯೇ? ಬಲಗೈ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ, ರೊಟ್ಟಿ ಬಡಿಯುವುದು ಬಿಡಬೇಕು ಅಂದರು. ನೀನು "ಹೂಂರಿ" ಅಂದೆ. ಮರುದಿನ ಮುಂಜಾನೆ ಹಂಚಿನ ಮುಂದೆ ಕೂತೆ. ಈಗ ಮಷೀನಂತೆ. ಮಷೀನು ಬಂದರೆ ಕೆಲಸ ಹತ್ತು ಪಟ್ಟು ಆಗುತ್ತದೆ. ಸಾಲ ಇದ್ದವರು ರಜೆ ತಗೊಳ್ಳುವುದಿಲ್ಲ.

ಇಲ್ಲಿ ಕ್ವಾರ್ಟರ್ಸಿನಲ್ಲಿ ಒಂದು ಕೋಣೆ ಖಾಲಿ ಇದೆ. ನಿನಗೆಂದು ಮಂಚ ತಂದು ಹಾಕಿ ವರ್ಷವಾಯಿತು. ಈಗ ಅದರ ಮೇಲೆ ಇಸ್ತ್ರಿ ಬಟ್ಟೆ, ಹಳೇ ಪೇಪರು, ಒಂದು ಕೆಟ್ಟ ಕೂಲರ್ ಇವೆ.

ಮಷೀನು ಬೇಕೇ ಬೇಕು ಅಂದರೆ ಸಾಲ ನನ್ನ ಹೆಸರಿನಲ್ಲಿ ತೆಗೆಯುತ್ತೇನೆ. ಸಂಬಳ ಇದೆ, ಸ್ಕೋರು ಇದೆ, ಎರಡು ದಿನದ ಕೆಲಸ. ಕಾರ್ಡಿನ ಬಗ್ಗೆ ವಿಚಾರಿಸಿ ಬರೆಯುತ್ತೇನೆ. ಅಲ್ಲಿಯವರೆಗೆ ಎಲ್ಲಿಯೂ ಸಹಿ ಹಾಕಬೇಡ.

ನಿನ್ನ ಮಗಳು
ಲುಂಬಿನಿ


ಚಿತ್ತಾಪುರ
2 ಜುಲೈ 2024

ಲುಂಬಿನಿಗೆ ಜೈಭೀಮ.

ನಿನ್ನ ಹೆಸರಿಲೆ ಬ್ಯಾಡ. ಇನ್ನೊಮ್ಮೆ ಆ ಮಾತು ಬರಿಬ್ಯಾಡ.

ಮನಿ ನಿಮ್ಮಪ್ಪನ ಹೆಸರಿಲೆ ಅದ. ಅವ್ರು ಹೋಗಿ ಒಂಬತ್ತು ವರ್ಷ ಆತು, ಇನ್ನೂ ಅವ್ರ ಹೆಸರೇ. ಲೈಟ್ ಮೀಟರು ನಿಮ್ಮ ದೊಡ್ಡಪ್ಪ ಭೀಮಶ್ಯಾನ ಹೆಸರಿಲೆ. ಗ್ಯಾಸ್ ನಿನ್ನ ಹೆಸರಿಲೆ. ಸಂಘಕ್ಕ ಬಹುಮಾನ ಬಂದಾಗ ಶಾಲು ನೀಲಾಬಾಯಿಗೆ ಹಾಕಿದ್ರು, ಅಧ್ಯಕ್ಷಿ ಅಂತ. ಖರೇನ ಅಧ್ಯಕ್ಷಿ, ನಾ ಬ್ಯಾಡ ಅನ್ನೋದಿಲ್ಲ. ಆದ್ರ ಮಳಿ ಇರ್ಲಿ ಬಿಸಲಿರ್ಲಿ ವಾರಾವಾರ ಕಂತು ಒಯ್ದಕಿ ನಾನು. ಉಳಿದದ್ದು ರೊಟ್ಟಿ ಒಂದು. ಅದಕ್ಕೂ ವಾಡಿ ಜನ "ಚೌಡೇಶನ ರೊಟ್ಟಿ" ಅಂತಾರ, ಅವ ತರ್ತಾನಂತ.

ಮಷೀನು ನನ್ನ ಹೆಸರಿಲೆ ಬರಬೇಕು. ಬಿಲ್ಲಿನ ಮ್ಯಾಲ ಸುಂದರಮ್ಮ ಅಂತ ಇರಬೇಕು. ಅಷ್ಟೇ. ಕಾರ್ಡಿನ ಸುದ್ದಿ ಏನಾತು?

ಅವ್ವ


ವಾಡಿ
24 ಜುಲೈ 2024

ಅವ್ವಗ ಜೈಭೀಮ.

ಇಬ್ಬರು ರಜೆಯಲ್ಲಿದ್ದಾರೆ, ಡ್ಯೂಟಿ ಮೇಲೆ ಡ್ಯೂಟಿ. ಕಾರ್ಡಿನ ಬಗ್ಗೆ ವಿಚಾರಿಸುತ್ತಿದ್ದೇನೆ. ಇದು ಸಂತೆ ವ್ಯಾಪಾರ ಅಲ್ಲ, ಸಮಯ ಹಿಡಿಯುತ್ತದೆ. ಕೈಗೆ ಎಣ್ಣೆ ಹಚ್ಚಿಕೋ.

ಲುಂಬಿನಿ


ಚಿತ್ತಾಪುರ
28 ಆಗಸ್ಟ್ 2024

ಲುಂಬಿನಿಗೆ ಜೈಭೀಮ.

ನೀ ವಿಚಾರಿಸೋದು ಮುಗಿಯೋದ್ರಾಗ ನಾ ಮುದುಕಿ ಆಗ್ತೀನಿ. ಅದಕ್ಕ ನಾನೇ ಮಾಡ್ದೆ. ಒಂದಲ್ಲ, ಐದು ಕಡೆ ಅರ್ಜಿ ಹಾಕೀನಿ.

ಸೇಡಂ ಬಸ್ ಸ್ಟ್ಯಾಂಡಿನ ಮುಂದ ಟೈ ಕಟ್ಟಿದ ಇಬ್ಬರು ದೊಡ್ಡ ಛತ್ರಿ ಕೆಳಗ ಕುಂತಿದ್ರು. "ಅಮ್ಮಾ, ಕಾರ್ಡ್ ತಗೋರಿ, ಸಾಯೋತನಕ ಫ್ರೀ" ಅಂದ್ರು. "ಯಾರು ಸಾಯೋತನಕ?" ಅಂತ ಕೇಳ್ದೆ. ಅವರು ಒಂದು ಬ್ಯಾಗು ಕೊಟ್ರು. ಚೊಲೊ ಬ್ಯಾಗು, ಗಾಲಿ ಅದಾವ. ಎರಡನೇದು ಶಹಾಬಾದದಾಗ, ಗಿರಾಕಿ ಹತ್ತರ ಬಾಕಿ ತರಾಕ ಹೋದಾಗ. ಮೂರನೇದು ನಿಮ್ಮ ವಾಡಿದು, ಚೌಡೇಶನ ಕೈಲೆ ಫಾರಂ ತರಿಸಿ ತುಂಬಿ ಕಳಿಸ್ದೆ. ಐನಾಪುರಕ್ಕ ಕೂಸಿನ ಹೆಸರಿಡೋ ಕಾರ್ಯಕ್ಕ ಹೋಗಿದ್ದೆನಲ್ಲ, ಬರೋವಾಗ ಚಿಂಚೋಳಿದಾಗ ಇಳಿದು ನಾಲ್ಕನೇದು ಹಾಕ್ದೆ. ಐದನೇದು ಫೋನಿನಾಗ ಒಬ್ಬಕಿ ಕೇಳಿದ್ಳು. ನನ್ನ ಕೈ ಹಿಟ್ಟಿನಾಗಿತ್ತು, ಅನಸುಬಾಯೀನೇ ನನ್ನ ಹುಟ್ಟಿದ ತಾರೀಖು, ತಿಂಗಳ ಆದಾಯ ಎಲ್ಲಾ ಹೇಳಿದ್ಳು. ಆದಾಯ ಸ್ವಲ್ಪ ಹೆಚ್ಚೇ ಹೇಳಿದ್ಳು.

ನೀ ಸಿಟ್ಟಾಗಬ್ಯಾಡ. ಜ್ವಾಳ ತಗೋಬೇಕಾದ್ರ ನಾ ಹ್ಯಾಂಗ ಮಾಡ್ತೀನಿ? ಐದು ಅಡತಿ ಅಂಗಡಿ ತಿರಗ್ತೀನಿ. ನಾಕು ಕಾಳು ಬಾಯಾಗ ಹಾಕ್ಕೊಂಡು ಕಡೀತೀನಿ. ದರ ಕೇಳ್ತೀನಿ, ಒಲ್ಲೆ ಅಂತೀನಿ. ಕಡೀ ಅಂಗಡಿಗೆ ಬರೋದ್ರಾಗ ಮೊದಲನೇ ಅಂಗಡಿಯವ "ಅಕ್ಕಾರ, ಬರ್ರಿ, ಕಮ್ಮಿ ಮಾಡ್ತೀನಿ" ಅಂತ ಆಳು ಕಳಿಸಿರ್ತಾನ. ಇದೂ ಹಂಗೇ. ಐದರಾಗ ಯಾರು ಚೊಲೊ ಕೊಡ್ತಾರೋ ಅವರದು ತಗೊಂಡು ಉಳಿದವರಿಗೆ ಬ್ಯಾಡ ಅಂದ್ರಾತು.

ಅವ್ವ


ವಾಡಿ
29 ಆಗಸ್ಟ್ 2024

ಅವ್ವ,

ನಾನು ಜೂನ್ ತಿಂಗಳಲ್ಲಿ ಏನು ಬರೆದಿದ್ದೆ? ಎಲ್ಲಿಯೂ ಸಹಿ ಹಾಕಬೇಡ ಅಂತ. ನೀನು ಮೂರು ತಾಲೂಕು ತಿರುಗಿ ಹಾಕಿ ಬಂದಿದ್ದೀ.

ಅಡತಿ ಅಂಗಡಿಯಲ್ಲಿ ದರ ಕೇಳಿದ್ದು ಗಾಳಿಗೆ ಹೋಗುತ್ತದೆ. ಬ್ಯಾಂಕಿನಲ್ಲಿ ಕೇಳಿದ್ದು ಹಾಗಲ್ಲ. ಅರ್ಜಿ ಹಾಕಿದ ಕೂಡಲೇ ಆ ಬ್ಯಾಂಕು ಸ್ಕೋರು ಇಡುವ ಕಂಪನಿಯಿಂದ ನಿನ್ನ ದಾಖಲೆ ತರಿಸಿ ನೋಡುತ್ತದೆ. ನೋಡಿದ್ದು ಅಲ್ಲಿ ಬರೆದಿಡುತ್ತಾರೆ, ಎರಡು ವರ್ಷ ಉಳಿಯುತ್ತದೆ. ಎರಡನೇ ಬ್ಯಾಂಕಿಗೆ ಮೊದಲನೆಯದರ ಗುರುತು ಕಾಣುತ್ತದೆ, ಐದನೆಯದಕ್ಕೆ ನಾಲ್ಕು ಕಾಣುತ್ತವೆ. ಅವರು ಏನು ತಿಳಿಯುತ್ತಾರೆ ಗೊತ್ತೇ? ಈ ಹೆಂಗಸಿಗೆ ಎಲ್ಲಿಂದಲಾದರೂ ದುಡ್ಡು ಬೇಕಾಗಿದೆ, ಬಾಗಿಲು ಬಾಗಿಲು ತಟ್ಟುತ್ತಿದ್ದಾಳೆ ಅಂತ. ಮೊದಲು ನಿನ್ನದು ಖಾಲಿ ಹಾಳೆ ಇತ್ತು. ಈಗ ಅದರ ಮೇಲೆ ಐದು ಕಲೆ.

ಆ ಬ್ಯಾಗು ನಿನ್ನ ಹತ್ತಿರವೇ ಇರಲಿ. ಅನಸುಬಾಯಿಗೆ ಹೇಳು, ಮುಂದಿನ ಸಲ ಅವರ ಆದಾಯ ಹೇಳಲಿ.

ಲುಂಬಿನಿ


ಚಿತ್ತಾಪುರ
19 ಸೆಪ್ಟೆಂಬರ್ 2024

ಲುಂಬಿನಿಗೆ ಜೈಭೀಮ.

ಐದೂ ಕಡೆ ಇಲ್ಲ ಅಂದ್ರು. ಇಬ್ಬರು ಮೆಸೇಜ್ ಕಳಿಸಿದ್ರು, ಇಬ್ಬರು ಫೋನಿನಾಗ ಹೇಳಿದ್ರು, ಅದೂ ಸ್ಪೀಕರಿನಾಗ. ಛತ್ರಿಯವರು ಮಾತ್ರ ಕಾಗದ ಕಳಿಸ್ಯಾರ. "ನೀವು ಆಸಕ್ತಿ ತೋರಿಸಿದ್ದಕ್ಕೆ ಧನ್ಯವಾದ" ಅಂತ ಅದ. ಕಾರಣ ಏನು ಅಂತ ಯಾರೂ ಬರಿದಿಲ್ಲ.

ಕೇಳೋದೂ ತಪ್ಪಾತಂದ್ರ ಈ ಊರಾಗ ವ್ಯಾಪಾರ ಹ್ಯಾಂಗ ಮಾಡಬೇಕು? ಕೇಳದೇ ತಗೊಂಡವಗ ದಡ್ಡ ಅಂತಾರ ಇಲ್ಲಿ. ರೊಟ್ಟಿ ಬೇಯಿಸೋ ಹಣಮವ್ವ ಮುಂಜಾನಿ ಬಂದಕಿನೇ "ಸುಂದರಕ್ಕ, ನಿನ್ನ ಇತಿಹಾಸ ಬಂತೇನ?" ಅಂತಾಳ. ಎಲ್ಲಾರೂ ನಗ್ತಾರ. ನಾನೂ ನಗ್ತೀನಿ. ಎಷ್ಟು ದಿನ ನಗ್ಲಿ?

ಸೇಡಂ ಮಷೀನಿನವ ಹೋದ ವರ್ಷದ ದರಕ್ಕೇ ಕೊಡ್ತೀನಿ ಅಂದಿದ್ದ, ದೀಪಾವಳಿತನಕ ಅಷ್ಟೇ ಅಂತ ಹೇಳಿ ಕಳಿಸ್ಯಾನ. ಅದು ಹೋದ್ರ ಹೋಗ್ಲಿ. ನಿನಗ ಏನರ ತಿಳೀತೇನು ಅಂತ ಕಡೀ ಸಲ ಕೇಳಾಕತ್ತೀನಿ.

ಅವ್ವ


ಚಿತ್ತಾಪುರ
9 ಅಕ್ಟೋಬರ್ 2024

ಲುಂಬಿನಿ,

ನಿನ್ನಿ ವಾಡಿಗೆ ಬಂದಿದ್ದೆ. ನಮ್ಮ ಫಾರಂ ಯಾಕ ತಿರಗಿಸಿದ್ರಿ ಅಂತ ಬ್ಯಾಂಕಿನವರಿಗೆ ಕೇಳಬೇಕು ಅಂತ ಬಂದೆ. ಅಲ್ಲಿ ಪ್ರೀತಿ ಅಂತ ಒಬ್ಬಕಿ ಮೇಡಂ ಅದಾಳ, ಕಾರ್ಡಿನ ಕೆಲಸ ನೋಡ್ತಾಳ. ಚೊಲೊ ಹುಡುಗಿ. ಕುಂದ್ರಿಸಿ ನೀರು ಕೊಟ್ಟು ಹೇಳಿದ್ಳು. ಸ್ಕೋರು ಇಲ್ಲದವರಿಗೆ ಒಂದೇ ದಾರಿ ಅದ ಅಂತ. ನಮ್ಮ ರೊಕ್ಕಾನೇ ಅವರ ಹತ್ತರ ಎಫ್‌ಡಿ ಇಡೋದು, ಅದರ ಮ್ಯಾಲ ಅವರು ಕಾರ್ಡ್ ಕೊಡೋದು. ನಾವು ಕಟ್ಟಲಿಲ್ಲಂದ್ರ ಅವರು ಎಫ್‌ಡಿದಾಗ ಹಿಡಕೋತಾರ, ಅದಕ್ಕ ಅವರಿಗೆ ಅಂಜಿಕಿ ಇಲ್ಲ, ಹಳೀ ದಾಖಲಾ ಕೇಳೋದಿಲ್ಲ. ಎಫ್‌ಡಿಗೆ ಬಡ್ಡಿ ಬರೋದು ಬರ್ತದ. ಇಷ್ಟು ಸುಲಭ.

ಆಮ್ಯಾಲ ಆಧಾರಿನ್ಯಾಗಿನ ಹೆಸರು ನೋಡಿ, "ನೀವು ಟಿಕೆಟ್ ಕೌಂಟರಿನ ಲುಂಬಿನಿ ಅವರ ಅವ್ವ ಹೌದಲ್ರಿ? ಅವರು ಜೂನ್‌ದಾಗೇ ಬಂದು ಇದನ್ನೆಲ್ಲ ಕೇಳಿ, ನಿಮ್ಮ ಹೆಸರಿಲೆ ಫಾರಂ ಒಯ್ದಾರಲ್ಲರಿ" ಅಂದ್ಳು.

ಹೌದು, ನನ್ನ ಮಗಳೇ ಅಂದೆ.

ತಿರುಗಿ ಬರೋವಾಗ ನೀ ನಿನ್ನ ಕಿಟಕ್ಯಾಗ ಕುಂತಿದ್ದಿ, ನೋಡ್ದೆ. ನಾ ಆ ಕಡೀ ಕಿಟಕ್ಯಾಗ ಟಿಕೆಟ್ ತಗೊಂಡು ಪ್ಯಾಸೆಂಜರ್ ಹತ್ತಿದೆ.

ಸುಂದರಮ್ಮ


ಚಿತ್ತಾಪುರ
16 ಅಕ್ಟೋಬರ್ 2024

ಲುಂಬಿನಿ,

ವಾರಾ ಆತು, ಬುಟ್ಟಿ ಖಾಲೀನೇ ಬರಾಕತ್ತದ. ಚೌಡೇಶಗ ಕೇಳಿದ್ರ "ಕೊಟ್ರ ತರ್ತೀನಿ, ಕೊಡದೇ ಹ್ಯಾಂಗ ತರ್ಲಿ" ಅಂತ ನನ್ನ ಮ್ಯಾಲೇ ಹಾರ್ತಾನ.

ಸುಂದರಮ್ಮ


ವಾಡಿ
21 ಅಕ್ಟೋಬರ್ 2024

ಅವ್ವಗ ಜೈಭೀಮ.

ಹೌದು, ಗೊತ್ತಿತ್ತು. ನಿನ್ನ ಮೊದಲನೇ ಕಾಗದ ಬಂದ ವಾರದಲ್ಲೇ ಕೇಳಿ ಬಂದೆ. ಫಾರಂ ಮೇಜಿನ ಖಾನೆಯಲ್ಲಿದೆ, ಅರ್ಧ ತುಂಬಿದ್ದೇನೆ.

ಡಾಕ್ಟರ್ ಮುಂದೆ ನೀನು ಪೆನ್ನು ಹಿಡಿದದ್ದು ನಾನು ನೋಡಿದ್ದೇನೆ. ಸಹಿ ಮಾಡುವಾಗ ನೀನು ಎಡಗೈಯಿಂದ ಬಲಗೈ ಹಿಡಿದುಕೊಂಡೆ. ನನಗೆ ಕಾಣಬಾರದೆಂದು ಸೆರಗು ಮುಚ್ಚಿದೆ. ಕಾರ್ಡು ಬಂದರೆ ಸ್ಕೋರು, ಸ್ಕೋರು ಬಂದರೆ ಸಾಲ, ಸಾಲ ಬಂದರೆ ಮಷೀನು, ಮಷೀನು ಬಂದರೆ ನೀನು ಇನ್ನು ಹತ್ತು ವರ್ಷ ಆ ಒಲೆ ಬಿಟ್ಟು ಏಳುವುದಿಲ್ಲ. ಕಾರ್ಡು ಬರದಿದ್ದರೆ ಬೇಸತ್ತು ಇಲ್ಲಿಗೆ ಬರುತ್ತೀ ಅಂದುಕೊಂಡೆ. ನೀನು ಬೇಸರಪಡುವ ಹೆಂಗಸಲ್ಲ ಎನ್ನುವುದು ನನ್ನ ಲೆಕ್ಕದಲ್ಲಿ ಇರಲಿಲ್ಲ. ಐದು ಕಡೆ ಹೋಗುತ್ತೀ ಎನ್ನುವುದಂತೂ ಯಾರ ಲೆಕ್ಕದಲ್ಲೂ ಇರಲು ಸಾಧ್ಯವಿಲ್ಲ.

ನನ್ನದೇ ಕಿಟಕಿಗೆ ಬಂದಿದ್ದರೆ ಟಿಕೆಟ್ ಕೊಡುತ್ತಿರಲಿಲ್ಲ. ಮನೆಗೆ ಕರೆದುಕೊಂಡು ಹೋಗುತ್ತಿದ್ದೆ.

ಎಫ್‌ಡಿಗೆ ಇಪ್ಪತ್ತೈದು ಸಾವಿರ ಈ ಲಕೋಟೆಯಲ್ಲಿದೆ. ಉಳಿದದ್ದು ನಿನಗೆ ಬಿಟ್ಟದ್ದು.

ಲುಂಬಿನಿ


ಚಿತ್ತಾಪುರ
23 ಅಕ್ಟೋಬರ್ 2024

ಲುಂಬಿನಿಗೆ ಜೈಭೀಮ.

ನಿನಗ ಬುದ್ಧಿ ಅದನೋ ಇಲ್ಲೋ? ಇಪ್ಪತ್ತೈದು ಸಾವಿರ ರೊಟ್ಟಿ ಬುಟ್ಟ್ಯಾಗ ಕಳಸ್ತಿ? ಚೌಡೇಶ ಇಲ್ಲಿ ಸ್ಟೇಷನ್ನಿನಾಗ ಇಳದು ಬುಟ್ಟಿ ಬಾಜು ಇಟ್ಟು ಚಾ ಕುಡ್ಯಾಕ ಹೋಗಿದ್ನಂತ. ಬಂದ ಹಾಂಗೇ ತಿರುಗಿ ಕಳಿಸೀನಿ. ಈ ಸಲ ಅವನ ಬನಿಯನ್ ಕಿಸೆದಾಗ ಇಟ್ಟು ಪಿನ್ ಹಚ್ಚೀನಿ, ನೀನೇ ಬಿಚ್ಚಿ ತಗೋ. ಎಫ್‌ಡಿ ರೊಕ್ಕ ನಂದು ಅದ. ನಾನೇ ಇಡ್ತೀನಿ.

ಈಗ ಮಷೀನಿನ ಮಾತು. ನೀ ಅದನ್ನ ನೋಡೀದೇನು? ನಾ ಸೇಡಂದಾಗ ನೋಡೀನಿ, ಎರಡು ತಾಸು ನಿಂತು ನೋಡೀನಿ. ಹಿಟ್ಟಿನ ಉಂಡಿ ಇಟ್ರ ಅದೇ ತಟ್ಟಿ ಅಗಲ ಮಾಡ್ತದ. ಒಲಿ ಮುಂದ ಇಬ್ಬರು ಬೇಯಿಸೋರು ಇದ್ರ ಸಾಕು, ಅನಸುಬಾಯಿ, ಹಣಮವ್ವ ಅದಾರ. ನಾ ಕುರ್ಚಿ ಹಾಕ್ಕೊಂಡು ಕುಂತು ಎಣಸೋದು, ಕಟ್ಟೋದು, ಗಿರಾಕಿ ನೋಡೋದು. ಬಡಿಯೋದು ಬಿಡು ಅಂತ ಡಾಕ್ಟರ್ ಅಂದ್ರಲ್ಲ, ಅವತ್ತೇ ಸಂಜಿ ನಾ ಮಷೀನಿನವಗ ಫೋನ್ ಹಚ್ಚೀನಿ. ಈ ಕೈ ಉಳೀಬೇಕು ಅಂತೇ ಮಷೀನು. ನೀ ಒಮ್ಮೆರ ಕೇಳಿದಿಯೇನು? ನೀ ಕೇಳಲಿಲ್ಲ, ನಾ ಹೇಳಲಿಲ್ಲ, ಐದು ತಿಂಗಳು ಬುಟ್ಟ್ಯಾಗ ಜಗಳಾಡಿದ್ವಿ.

ಶುಕ್ರವಾರ ವಾಡಿಗೆ ಬರ್ತೀನಿ. ಅರ್ಧ ತುಂಬಿದ ಫಾರಂ ಪೂರಾ ತುಂಬಿ ಇಡು.

ಅವ್ವ


ವಾಡಿ
18 ನವೆಂಬರ್ 2024

ಅವ್ವಗ ಜೈಭೀಮ.

ಕಾರ್ಡು ಬಂದಿದೆ. ನಿನ್ನ ಹೆಸರು ಇಂಗ್ಲಿಷಿನಲ್ಲಿ ಉಬ್ಬಿದ ಅಕ್ಷರದಲ್ಲಿದೆ. ಚೌಡೇಶ ಕಾಕಾ ಬೆರಳಾಡಿಸಿ ನೋಡಿದರು, ಸಾಲಿನಲ್ಲಿದ್ದ ಇಬ್ಬರೂ ನೋಡಿದರು. ಗೋಂದು ಹಚ್ಚಿದ ಲಕೋಟೆಯಲ್ಲಿ ಕಳಿಸುತ್ತಿದ್ದೇನೆ.

ಇದನ್ನು ಓದಿದ ಮೇಲೆ ಮತ್ತೆ ಓದು. ಪಿನ್ ನಂಬರನ್ನು ಗೋಡೆಯ ಮೇಲೆ ಬರೆಯಬೇಡ. ಫೋನಿನಲ್ಲಿ ಒಟಿಪಿ ಯಾರು ಕೇಳಿದರೂ ಹೇಳಬೇಡ, ಅನಸುಬಾಯಿ ಬಾಯಿ ತೆರೆಯುವ ಮೊದಲೇ ಫೋನ್ ಕಟ್ ಮಾಡು. ಎಟಿಎಮ್ಮಿನಲ್ಲಿ ಈ ಕಾರ್ಡು ಹಾಕಿ ನಗದು ತೆಗೆಯಬೇಡ, ತೆಗೆದ ದಿನದಿಂದಲೇ ಬಡ್ಡಿ ಬೀಳುತ್ತದೆ. ಲಿಮಿಟ್ ಇಪ್ಪತ್ತು ಸಾವಿರ ಅಂತ ಇದೆ, ಹಾಗಂತ ಇಪ್ಪತ್ತು ಸಾವಿರ ಬಳಸುವುದಲ್ಲ, ಐದಾರು ಸಾವಿರದೊಳಗೆ ಇರಲಿ. ಬಿಲ್ಲಿನಲ್ಲಿ "ಕನಿಷ್ಠ ಕಟ್ಟಬೇಕಾದದ್ದು" ಎಂದು ಒಂದು ಸಣ್ಣ ಮೊತ್ತ ಇರುತ್ತದೆ. ಅದನ್ನು ನೋಡಿ ಖುಷಿಯಾಗಬೇಡ. ಅದಷ್ಟೇ ಕಟ್ಟಿದವರು ಉಳಿದದ್ದರ ಮೇಲೆ ವರ್ಷಗಟ್ಟಲೆ ಬಡ್ಡಿ ಕಟ್ಟುತ್ತಾರೆ. ಪೂರ್ತಿ ಕಟ್ಟಬೇಕು, ಕಡೇ ತಾರೀಖಿನ ಒಳಗೆ.

ಮೇಲಾಗಿ, ಇನ್ನು ಎಲ್ಲಿಯೂ ಅರ್ಜಿ ಹಾಕಬೇಡ. ಬ್ಯಾಗು ಕೊಟ್ಟರೂ.

ಲುಂಬಿನಿ


ಚಿತ್ತಾಪುರ
5 ಡಿಸೆಂಬರ್ 2024

ಲುಂಬಿನಿಗೆ ಜೈಭೀಮ.

ಮೊದಲನೇ ಸಲ ಕಾರ್ಡು ಬಳಸೀನಿ. ಜ್ವಾಳಕ್ಕ ಬಳಸೋಣಂದ್ರ ಅಡತಿಯವ "ಅಕ್ಕಾರ, ಇದನ್ನ ಎಲ್ಲಿ ತುರುಕಬೇಕ್ರಿ?" ಅಂತ ನಕ್ಕ. ಆಮ್ಯಾಲ ಮೆಡಿಕಲ್ ಅಂಗಡ್ಯಾಗ ಮಣಿಕಟ್ಟಿಗೆ ಕಟ್ಟೋ ಪಟ್ಟಿ ತಗೊಂಡೆ. ಡಾಕ್ಟರ್ ಮಾರ್ಚದಾಗೇ ಬರೆದುಕೊಟ್ಟಿದ್ರಲ್ಲ, ಅದೇ. ಕಾರ್ಡ್ ತಿಕ್ಕೋ ಮಷೀನು ಚೀಟಿ ಕಕ್ತು, ಸಹಿ ಮಾಡ್ದೆ. ಅಂಗಡಿಯವ ಕಾರ್ಡು ತಿರುಗಿ ಕೊಟ್ಟ, ರೊಕ್ಕ ಕೇಳ್ಲಿಲ್ಲ. ಸಾಮಾನು ತಗೊಂಡು ಹಾಂಗೇ ಹೊರಗ ಬರೋವಾಗ ಕಳುವು ಮಾಡಿದಂಗ ಆತು ನೋಡು. ನಿದ್ದಿ ಹತ್ತಲಿಲ್ಲ.

ಅದಕ್ಕ ಮರುದಿನ ಮುಂಜಾನಿ ಪ್ಯಾಸೆಂಜರಿಗೆ ವಾಡಿಗೆ ಬಂದು ಪ್ರೀತಿ ಹತ್ತರ ಆ ರೊಕ್ಕ ಕಟ್ಟಿ ಬಂದೆ. ನೀ ರಜಾದಾಗ ಇದ್ದಿ ಅಂದ್ರು.

ಅವ್ವ


ವಾಡಿ
20 ಜನವರಿ 2025

ಅವ್ವಗ ಜೈಭೀಮ.

ಕಾರ್ಡು ಬಂದ ಮೇಲೆ ನೀನು ಬ್ಯಾಂಕಿಗೆ ಓಡಿ ಬಂದದ್ದು ಇದು ನಾಲ್ಕನೇ ಸಲ. ಪಟ್ಟಿ ತಗೊಂಡೆ, ಬಂದು ಕಟ್ಟಿದೆ. ಪ್ಲಾಸ್ಟಿಕ್ ಕವರು ತಗೊಂಡೆ, ಬಂದು ಕಟ್ಟಿದೆ. ಮೊನ್ನೆ ನೂರಾ ಹತ್ತು ರೂಪಾಯಿ ಸಾಮಾನಿಗೆ ರೈಲು ಹತ್ತಿ ಬಂದಿದ್ದೀ. ಪ್ರೀತಿ ಮೇಡಂ ನನ್ನ ಕಿಟಕಿಗೆ ಬಂದು "ನಿಮ್ಮ ಅವ್ವಗ ಯಾರರ ಅಂಜಿಸ್ಯಾರೇನ್ರಿ?" ಅಂತ ಕೇಳಿದರು.

ಬಿಲ್ಲು ಬರುವ ಮೊದಲೇ ಕಟ್ಟಿದರೆ ತಪ್ಪೇನಿಲ್ಲ, ಆದರೆ ಬಿಲ್ಲಿನಲ್ಲಿ ಪ್ರತಿ ತಿಂಗಳೂ ಸೊನ್ನೆ ಕಾಣುತ್ತದೆ. ನೀನು ಬಳಸಿ ಕಟ್ಟುತ್ತೀ ಅನ್ನುವುದು ಕಾಣಲಿ ಅಂತಲ್ಲವೇ ಇಷ್ಟೆಲ್ಲ ಒದ್ದಾಟ? ಬಿಲ್ಲು ಬರಲಿ. ಬಂದ ಮೇಲೆ ಪೂರ್ತಿ ಕಟ್ಟು. ತಿಂಗಳಿಗೆ ಒಂದು ಸಲ ಬಂದರೆ ಸಾಕು, ಆರನೇ ತಾರೀಖಿನ ಹೊತ್ತಿಗೆ.

ಬಂದಾಗ ಬ್ಯಾಂಕಿನಿಂದ ಸೀದಾ ಸ್ಟೇಷನ್ನಿಗೆ ಓಡಬೇಡ. ಮನೆ ಕೀಲಿ ಪಕ್ಕದ ಕ್ವಾರ್ಟರ್ಸಿನ ಶೈಸ್ತಾ ಹತ್ತಿರ ಇರುತ್ತದೆ. ಊಟ ಮಾಡಿ ಮಲಗು, ಸಂಜೆ ಗಾಡಿಗೆ ಹೋಗುವೆಯಂತೆ. ಕೂಲರ್ ಮಂಚದಿಂದ ಇಳಿಸಿದ್ದೇನೆ.

ಲುಂಬಿನಿ


ಚಿತ್ತಾಪುರ
30 ಜೂನ್ 2025

ಲುಂಬಿನಿಗೆ ಜೈಭೀಮ.

ಬಂತು. ಏಳುನೂರಾ ನಲವತ್ತೆಂಟು. ಪ್ರೀತಿ ಫೋನ್ ಮಾಡಿ ಹೇಳಿದ್ಳು, ಸ್ಪೀಕರಿನಾಗ. ಅನಸುಬಾಯಿ "ಎಷ್ಟಕ್ಕ ಎಷ್ಟು?" ಅಂತ ಕೇಳಿದ್ಳು. ಒಂಬೈನೂರಕ್ಕ ಅಂದೆ. "ಪಾಸ್ ಆದಿ ಬಿಡು" ಅಂದ್ಳು. ಹಣಮವ್ವ ಒಲಿ ಮ್ಯಾಲಿನ ರೊಟ್ಟಿ ಸುಟ್ಟಳು.

ಹಾಳಿ ಮ್ಯಾಲಿನ ಆ ಐದು ಕಲಿ ಇನ್ನೂ ಅದಾವಂತ, ಆದ್ರ ಹಳೇವಾಗ್ಯಾವ, ಈಗ ಅಷ್ಟು ತ್ರಾಸ ಕೊಡೋದಿಲ್ಲ ಅಂದ್ಳು. ನಾಳೆ ಸೇಡಂಗೆ ಹೊಂಟೀನಿ. ಅದೇ ಮ್ಯಾನೇಜರು ಇರ್ಲಿ ಅಂತ ಬಯಸಾಕತ್ತೀನಿ.

ಅವ್ವ


ವಾಡಿ
1 ಜುಲೈ 2025

ಅವ್ವ,

ನನ್ನದು ಏಳುನೂರಾ ಮೂವತ್ತೊಂದು. ಯಾರಿಗೂ ಹೇಳಬೇಡ.

ಲುಂಬಿನಿ


ಚಿತ್ತಾಪುರ
28 ಆಗಸ್ಟ್ 2025

ಲುಂಬಿನಿಗೆ ಜೈಭೀಮ.

ಮಷೀನು ನಿನ್ನಿ ಬಂತು. ದರ ಹೋದ ವರ್ಷಕ್ಕಿಂತ ಹೆಚ್ಚಾಗ್ಯದ, ಆ ಸಿಟ್ಟು ನಿನ್ನ ಮ್ಯಾಲ ಇನ್ನೂ ಅದ. ಸಾಲದ ಕಾಗದ, ಮಷೀನಿನ ಬಿಲ್ಲು ಎರಡರ ಮ್ಯಾಲೂ ನನ್ನ ಹೆಸರೇ ಅದ. ಅನಸುಬಾಯಿ ಓದಾಕ ಬರ್ದಿದ್ರೂ ಎಲ್ಲಿ ಅದ ಅಂತ ಬಟ್ಟು ಇಡಿಸಿ ನೋಡಿದ್ಳು. ನಾ ಕುರ್ಚಿ ಮ್ಯಾಲ ಕುಂತೀನಿ. ಮುಂಜಾನಿ ಎದ್ದಾಗ ಬೆರಳು ಜುಮ್ ಅನ್ನೋದು ಸ್ವಲ್ಪ ಕಮ್ಮಿ ಆಗ್ಯದ, ಪೂರಾ ಹೋಗಿಲ್ಲ. ರೊಟ್ಟಿಗೆ ಮಾತ್ರ ವಾಡಿ ಜನ ಇನ್ನೂ ಚೌಡೇಶನ ರೊಟ್ಟೀನೇ ಅಂತಾರ.

ಈಗ ಹೊಸಾ ಕಾಟ ಶುರು ಆಗ್ಯದ. ಸ್ಕೋರು ಬಂದಾಗಿಂದ ದಿನಾ ಫೋನು. "ಸುಂದರಮ್ಮ ಮೇಡಂ, ಕಾರ್ಡ್ ಕೊಡ್ತೀವ್ರಿ, ಸಾಲ ಕೊಡ್ತೀವ್ರಿ." ಮೇಡಂ ಅಂತ! ಹೋದ ವರ್ಷ ಇಲ್ಲ ಅಂದ ಐದರಾಗ ಮೂವರು ಮಾಡ್ಯಾರ, ನಾ ಹೆಸರು ಮರ್ತಿಲ್ಲ. ಛತ್ರಿಯವರೂ ಮಾಡಿದ್ರು. ದರ ಕೇಳ್ತೀನಿ. ಬಡ್ಡಿ ಎಷ್ಟು, ವರ್ಷದ ಫೀಸು ಎಷ್ಟು, ಬ್ಯಾಗು ಕೊಡ್ತೀರೇನು ಅಂತ ಪೂರಾ ಕೇಳ್ತೀನಿ. ಹಣಮವ್ವ ಕೈ ನಿಲ್ಲಿಸಿ ಕೇಳ್ತಾಳ. ಎಲ್ಲಾ ಕೇಳಿ ಮುಗಿದ ಮ್ಯಾಲ ಒಲ್ಲೆ ಅಂತೀನಿ. ಅವರು ಕೇಳಿದ್ದು, ನಾ ಒಲ್ಲೆ ಅಂದಿದ್ದು ಎಲ್ಯರ ಬರೆದಿಡ್ತಾರೇನು, ಪ್ರೀತಿಗೆ ಕೇಳು.

ಇನ್ನೊಂದು ಮಾತು. ಕಾರ್ಡಿನ ಬಿಲ್ಲು ಫೋನಿನಾಗೇ ಕಟ್ಟಬಹುದು, ಎರಡು ನಿಮಿಷ ಹತ್ತೋದಿಲ್ಲ ಅಂತ ಹಣಮವ್ವನ ಮಗಳು ಜನವರಿದಾಗೇ ತೋರಿಸಿ ಕೊಟ್ಟಾಳ. ದಿನಾ ಫೋನಿನಾಗ ರೊಕ್ಕ ತಗೊಳ್ಳೋ ಟಿಕೆಟ್ ಕಿಟಕಿಯವಳಿಗೆ ಇದು ಗೊತ್ತಿರಲಿಲ್ಲ ಅಂತ ನಾ ನಂಬೋದಿಲ್ಲ. ಈ ಸಲಾನೂ ನೀ ಹೇಳಲಿಲ್ಲ. ಗೊತ್ತದ ಅಂತ ನಾನೂ ಹೇಳಲಿಲ್ಲ.

ಆರನೇ ತಾರೀಖು ಶನಿವಾರ ಬರ್ತದ. ಬಿಲ್ ಕಟ್ಟಾಕ ಶುಕ್ರವಾರ ಬರ್ತೀನಿ, ಸೋಮವಾರ ಹೋಗ್ತೀನಿ. ಮಂಚದ ಮ್ಯಾಲಿನ ಹಳೇ ಪೇಪರ್ ಇನ್ನೂ ಅಲ್ಲೇ ಅದಾವ, ತೆಗಿ.

ನಿನ್ನ ಅವ್ವ
ಸುಂದರಮ್ಮ